ಚೀನಾದ ಕ್ರಾಂತಿಗೀತೆಗಳು

ಚೀನೀ ಕಮ್ಯುನಿಸ್ಟ್ ಪಕ್ಷ ಜನರನ್ನು ಒಗ್ಗೂಡಿಸಲು ಬೆಳೆಸಿದ ಸಾಮೂಹಿಕ ಹಾಡುಗಳ ಪರಂಪರೆ. ಓದುಬರಹ ಬಾರದ ರೈತರನ್ನು ಮುಟ್ಟಲು ಹಾಡೇ ಸುಲಭದ ದಾರಿ ಎಂದರಿತ, ಪಕ್ಷದ ನೆಲೆಯಾಗಿದ್ದ ಯೆನಾನ್‌ನ ಕಾರ್ಯಕರ್ತರು 1940ರ ದಶಕದಲ್ಲಿ ಜಾನಪದ ಮಟ್ಟುಗಳನ್ನು ಕಲೆಹಾಕಿ ಹೊಸ ಸಾಹಿತ್ಯ ಹೊಂದಿಸಿದರು. ಪಕ್ಷದ ನಾಯಕ ಮಾವೋನನ್ನು ಕೊಂಡಾಡುವ ‘ಡೊಂಗ್‌ಫಾಂಗ್ ಹೊಂಗ್’ (ಪೂರ್ವ ಕೆಂಪಾಗಿದೆ) ಇವುಗಳಲ್ಲಿ ಅತಿ ಪ್ರಸಿದ್ಧ. ಅದರ ಧಾಟಿ ಉತ್ತರ ಶಾನ್ಷಿಯ ಒಂದು ಪ್ರೇಮಗೀತೆಯದು; ಸಾಹಿತ್ಯವನ್ನು ಲಿ ಯೌಯುವಾನ್ ಎಂಬ ರೈತನ ಹೆಸರಿಗೆ ಹೇಳುವುದು ವಾಡಿಕೆ.

ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ (1966–76) ಈ ಹಾಡು ಹೆಚ್ಚುಕಡಿಮೆ ರಾಷ್ಟ್ರಗೀತೆಯೇ ಆಯಿತು. ಅಧಿಕೃತ ರಾಷ್ಟ್ರಗೀತೆ ಬರೆದಿದ್ದ ತ್ಯಾನ್ ಹಾನ್ ಸೆರೆಯಲ್ಲಿದ್ದು 1968ರಲ್ಲಿ ತೀರಿಕೊಂಡ. ಅವನ ಪದಗಳನ್ನು ಹಾಡುವಂತಿರಲಿಲ್ಲ. 1970ರ ಏಪ್ರಿಲ್ 24ರಂದು ಹಾರಿದ ಚೀನಾದ ಮೊದಲ ಉಪಗ್ರಹಕ್ಕೆ ‘ಡೊಂಗ್‌ಫಾಂಗ್ ಹೊಂಗ್’ ಹಾಡಿನದೇ ಹೆಸರು. 173 ಕಿಲೋ ತೂಕದ ಆ ಗೋಳ ಭೂಮಿ ಸುತ್ತುತ್ತ ರೇಡಿಯೊದಲ್ಲಿ ಇದೇ ರಾಗ ಬಿತ್ತರಿಸಿತು. ಪ್ರಚಾರಕ್ಕೆ ಇದಕ್ಕಿಂತ ಎತ್ತರದ ವೇದಿಕೆ ಸಿಗುವುದು ಕಷ್ಟ!

ಆದರೆ ಕ್ರಾಂತಿಗೀತೆಗಳು ಪಕ್ಷದ ಅಂಕೆಯಲ್ಲೇ ಉಳಿಯಲಿಲ್ಲ. 1989ರಲ್ಲಿ ತ್ಯಾನನ್ಮೆನ್ ಚೌಕದ ವಿದ್ಯಾರ್ಥಿಗಳು ಸರ್ಕಾರದ ವಿರುದ್ಧವೇ ಕಮ್ಯುನಿಸ್ಟ್ ಗೀತೆ ‘ಇಂಟರ್‌ನ್ಯಾಷನಲ್’ ಹಾಡಿದರು. ರಾಕ್ ಗಾಯಕ ಚುಯಿ ಜಿಯಾನ್ ಯೆನಾನ್ ಕಾಲದ ‘ನಾನ್‌ನಿವಾನ್’ ಗೀತೆಯನ್ನು ಗಿಟಾರಿಗೆ ಒಗ್ಗಿಸಿ ಹಳಬರ ಕೋಪಕ್ಕೆ ಗುರಿಯಾದ. ಚೊಂಗ್‌ಚಿಂಗ್‌ನಲ್ಲಿ ಪಕ್ಷದ ನಾಯಕ ಬೊ ಷಿಲಾಯ್ ನಡೆಸಿದ, ಹಳೆಯ ಕ್ರಾಂತಿಗೀತೆಗಳನ್ನು ಮತ್ತೆ ಹಾಡಿಸುವ ‘ಕೆಂಪು ಹಾಡು’ ಅಭಿಯಾನ 2012ರಲ್ಲಿ ಅವನ ಪತನದೊಂದಿಗೆ ನಿಂತುಹೋಯಿತು.