ಮೃಗಶೃಂಗವೂ ಬೇಟೆಯ ಕಾಲವೂ

ಕೋಡು, ಕೊಂಬು, ಶೃಂಗ ಎಂಬ ಶಬ್ದಗಳನ್ನು ನಾವು ಆಕಳಿಗೂ ಜಿಂಕೆಗೂ ಭೇದವಿಲ್ಲದೆ ಪ್ರಯೋಗಿಸುತ್ತೇವೆ. ಅಮರಸಿಂಹನೂ ಸಿಂಹಾದಿವರ್ಗದಲ್ಲಿ ಕೃಷ್ಣಸಾರ, ಪೃಷತ, ಶಂಬರ ಮೊದಲಾದವನ್ನು ಮೃಗಭೇದಗಳೆಂದು ಒಟ್ಟಿಗೆ ಹೇಳಿರುವನು. ಕೋಶಕ್ಕೆ ಇಷ್ಟು ಸಾಕು. ಬೇಟೆಯ ವರ್ಣನೆಗಳನ್ನೂ ಶಿಲ್ಪಗಳನ್ನೂ ವಿಮರ್ಶಿಸುವವರಿಗೆ ಇದು ಸಾಲದು.

ಕೃಷ್ಣಸಾರದ ಸುರುಳಿಗೋಡು ಸ್ಥಿರವಾದುದು. ಒಳಗಿನ ಎಲುಬಿಗೆ ಗಟ್ಟಿಯಾದ ಹೊದಿಕೆಯುಂಟು, ಅದು ಉದುರುವುದಿಲ್ಲ. ಪೃಷತವೆಂಬ ಚುಕ್ಕೆಜಿಂಕೆ ಮತ್ತು ಶಂಬರವೆಂಬ ಕಡವೆಗಳ ಕೊಂಬಾದರೋ ಕೇವಲ ಎಲುಬು. ಅದು ಗಂಡಿಗೆ ಮಾತ್ರ ಇರುವುದು; ಉದುರಿ ಮತ್ತೆ ಮೂಡುವುದು. ಎಳೆಯ ಕೊಂಬನ್ನು ರಕ್ತನಾಳಗಳಿಂದ ತುಂಬಿದ, ಮೃದುರೋಮಗಳುಳ್ಳ ಚರ್ಮವು ಮುಚ್ಚಿಕೊಂಡು ಪೋಷಿಸುತ್ತದೆ. ಬೆಳವಣಿಗೆ ಮುಗಿದೊಡನೆ ರಕ್ತಸಂಚಾರವು ನಿಂತು ಆ ಚರ್ಮವು ಒಣಗುವುದು. ಮೃಗವು ಗಿಡಮರಗಳಿಗೆ ಉಜ್ಜಿ ಅದನ್ನು ಸುಲಿದುಹಾಕುವುದು. ಅನಂತರವೇ ಕೊಂಬು ಕಾದಾಟಕ್ಕೆ ಯೋಗ್ಯವಾದ ಆಯುಧವಾಗುವುದು.

ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಯಲ್ಲಿ ಹಗಲಿನ ಪ್ರಮಾಣವು ಈ ಕಾಲವನ್ನು ನಿಯಮಿಸುವುದರಿಂದ ಚರ್ಮವು ಬಹುಮಟ್ಟಿಗೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನೊಳಗೆ ಕಳಚುತ್ತದೆ. ಅಲ್ಲಿಯ ಬಿಲ್ಲುಬೇಟೆಗಾರರು ಆ ದಿನಗಳನ್ನು ಎಣಿಸುತ್ತಿರುವರು. ನಮ್ಮಲ್ಲಿ ನಿಯಮವು ಅಷ್ಟು ಬಿಗಿಯಲ್ಲ. ಆಲ್ದೂರು, ಮೂಡಿಗೆರೆ, ಕಳಸಗಳ ಮಲೆಸೀಮೆಯ ಕಡವೆಯು ಬಹುಮಟ್ಟಿಗೆ ಬೇಸಗೆಯಲ್ಲಿ ಕೊಂಬುದುರಿಸಿ, ಮಳೆಗಾಲದಲ್ಲಿ ಎಳೆಗೊಂಬು ಬೆಳೆಯಿಸಿ, ಕಾರ್ತೀಕ ಮಾರ್ಗಶಿರಗಳ ಹೊತ್ತಿಗೆ ಬಲಿತ ಕೊಂಬುಳ್ಳದ್ದಾಗುವುದು. ಚುಕ್ಕೆಜಿಂಕೆಗಳಲ್ಲಿಯಾದರೋ ಒಂದೇ ಹಿಂಡಿನೊಳಗೆ ಬೋಳುತಲೆ, ಎಳೆಗೊಂಬು, ಬಲಿತ ಕೊಂಬು ಮೂರೂ ಏಕಕಾಲದಲ್ಲಿ ಕಾಣಬಹುದು.

ಇದರ ಪ್ರಯೋಜನವೇನೆಂದರೆ: ಕೊಂಬಿಲ್ಲದ ಮೃಗವೆಲ್ಲ ಹೆಣ್ಣಲ್ಲ. ಕೊಂಬುದುರಿದ ಗಂಡನ್ನು ದೂರದಿಂದ ಹೆಣ್ಣೆಂದು ಭ್ರಮಿಸುವುದು ಸುಲಭ; ಹಾಗೆಯೇ ಹೆಣ್ಣನ್ನು ಬಿಟ್ಟು ಗಂಡನ್ನೇ ಎಸೆಯಬೇಕೆನ್ನುವ ಬಿಲ್ಲಾಳಿಗೆ ಆ ಋತುವಿನಲ್ಲಿ ಗುರುತು ಸಿಕ್ಕದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ಮಾನಸೋಲ್ಲಾಸದಲ್ಲಿ ಮೃಗಯೆಯನ್ನು ರಾಜವಿನೋದಗಳಲ್ಲಿ ಸೇರಿಸಿದನು. ಆಲ್ದೂರಿನ ನೆರೆಸೀಮೆಯ ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವನ ಗುಡಿಯ ಮದನಿಕೆಯರೊಳಗೆ ಬಿಲ್ಲುಹಿಡಿದ ಬೇಟೆಗಾತಿಯುಂಟು. ಅವಳ ಪಕ್ಕದ ಕಿರುಮೂರ್ತಿಯು ಹೊತ್ತ ಬಿದಿರಿನ ಒಂದು ಕೊನೆಗೆ ಜಿಂಕೆಯೂ ಇನ್ನೊಂದು ಕೊನೆಗೆ ಕೊಕ್ಕರೆಯೂ ಕಟ್ಟಲ್ಪಟ್ಟಿವೆ. ಇಂಥ ರೂಪಗಳಲ್ಲಿ ಕೊಂಬಿನ ಅಭಾವವೊಂದರಿಂದಲೇ ಲಿಂಗನಿರ್ಣಯ ಮಾಡುವುದು ಯುಕ್ತವಲ್ಲ. ಕವಲೊಡೆದ ಕೊಂಬಿದ್ದರೆ ಅದು ಕೃಷ್ಣಸಾರವಲ್ಲವೆಂಬುದು ಮಾತ್ರ ನಿಶ್ಚಿತ.

ವೈದ್ಯಶಾಸ್ತ್ರದಲ್ಲಿಯೂ ಈ ವಿವೇಕವು ಆವಶ್ಯಕ. ಶೃಂಗಭಸ್ಮಕ್ಕೆ ಬೇಕಾದುದು ಮೃಗದ ಎಲುಬುಗೊಂಬು. ಶೃಂಗವೆಂಬ ಶಬ್ದಸಾಮ್ಯದಿಂದ ಆಕಳ ಕೋಡನ್ನು ಗ್ರಹಿಸಿದರೆ ದ್ರವ್ಯವೇ ಬೇರೆಯಾಗುವುದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಾಗಿ ಕಡವೆ ಜಿಂಕೆಗಳ ಬೇಟೆಯು ಈಗ ದಂಡಾರ್ಹವಾಗಿದೆ. ಬಿಲ್ಲಾಳಿನ ಕಾಲಜ್ಞಾನವು ಇನ್ನು ಪಾಠಜ್ಞಾನಕ್ಕೆ ಸಲ್ಲಲಿ. ಮೃಗವೆಂಬ ಶಬ್ದವು ಬಂದಲ್ಲಿ ಯಾವ ಮೃಗ, ಯಾವ ಋತು ಎಂದು ಕೇಳುವ ಅಭ್ಯಾಸವನ್ನು ಅಧ್ಯಾಪಕರು ವಿದ್ಯಾರ್ಥಿಗಳಲ್ಲಿ ಬೆಳೆಯಿಸಿದರೆ, ನಮ್ಮ ಕಾವ್ಯಗಳ ಕಾಡು ಬರಿಯ ಶಬ್ದಗಳ ಕಾಡಾಗಿ ಉಳಿಯದು.