ವಿನ್ಯಾಸಕಾರನ ಹೆಸರು, ಬಡಗಿಯ ಕೈ: ಕಾಟ್ಸ್‌ವೋಲ್ಡ್ಸ್ ಪೀಠೋಪಕರಣಗಳ ಕರ್ತೃತ್ವ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ‘ಆರ್ಟ್ಸ್ ಅಂಡ್ ಕ್ರಾಫ್ಟ್ಸ್’ ಚಳವಳಿಯು, ಯಂತ್ರೋತ್ಪಾದನೆಯಿಂದಾಗಿ ಕುಶಲಕರ್ಮಿಯು ಕಳೆದುಕೊಂಡಿದ್ದ ಗೌರವವನ್ನು ಅವನಿಗೆ ಮರಳಿ ದೊರಕಿಸಲು ಹೊರಟಿತ್ತು. 1888ರಲ್ಲಿ ಲಂಡನ್ನಿನಲ್ಲಿ ನಡೆದ ಮೊದಲ ಪ್ರದರ್ಶನದಲ್ಲಿ ವಿನ್ಯಾಸಕಾರನ ಹೆಸರಿನೊಂದಿಗೆ ವಸ್ತುವನ್ನು ತಯಾರಿಸಿದವನ ಹೆಸರನ್ನೂ ಸೂಚಿಪತ್ರದಲ್ಲಿ ಕೊಡುವ ಕ್ರಮವನ್ನು ಅನುಸರಿಸಲಾಯಿತು. ಆದರೂ ಆ ಪೀಠೋಪಕರಣಗಳು ಇಂದು ಬಹುಮಟ್ಟಿಗೆ ವಿನ್ಯಾಸಕಾರರ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಈ ವೈರುಧ್ಯವನ್ನು ಅರಿಯಲು ಅರ್ನೆಸ್ಟ್ ಗಿಮ್ಸನ್ (1864–1919) ಮತ್ತು ಸಿಡ್ನಿ ಬಾರ್ನ್ಸ್‌ಲಿ (1865–1926) ಇವರ ಕೆಲಸವನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಇಬ್ಬರೂ ವಾಸ್ತುಶಿಲ್ಪದಲ್ಲಿ ತರಬೇತಿ ಪಡೆದವರು. 1890ರಲ್ಲಿ ಗೆಳೆಯರೊಡನೆ ಲಂಡನ್ನಿನಲ್ಲಿ ಆರಂಭಿಸಿದ ‘ಕೆಂಟನ್ ಅಂಡ್ ಕಂಪನಿ’ ಎರಡೇ ವರ್ಷಗಳಲ್ಲಿ ಮುಚ್ಚಿಹೋಯಿತು. 1893ರಲ್ಲಿ ಇವರು ಸಿಡ್ನಿಯ ಅಣ್ಣ ಅರ್ನೆಸ್ಟ್ ಬಾರ್ನ್ಸ್‌ಲಿಯೊಂದಿಗೆ ಕಾಟ್ಸ್‌ವೋಲ್ಡ್ಸ್ ಗ್ರಾಮಪ್ರದೇಶಕ್ಕೆ ಹೋಗಿ ನೆಲೆಸಿದರು.

ಅಲ್ಲಿ ಇವರ ದಾರಿಗಳು ಬೇರೆಯಾದವು. ಸಿಡ್ನಿ ಸಹಾಯಕರನ್ನು ಇಟ್ಟುಕೊಳ್ಳದೆ, ತಾನು ಕಲ್ಪಿಸಿದ ಮೇಜು ಕಪಾಟುಗಳನ್ನು ತನ್ನ ಕೈಯಿಂದಲೇ ಮಾಡಿದನು. ಗಿಮ್ಸನ್ ಹಿಯರ್‌ಫರ್ಡ್‌ಶೈರಿನ ಹಳ್ಳಿಯ ಕುರ್ಚಿಗಾರ ಫಿಲಿಪ್ ಕ್ಲಿಸೆಟ್‌ನ ಬಳಿ ಕೆಲವು ವಾರ ಕುಳಿತು, ಜೊಂಡಿನ ಹೆಣಿಗೆಯ ಆಸನವುಳ್ಳ ಕುರ್ಚಿ ಮಾಡುವುದನ್ನು 1890ರಲ್ಲಿಯೇ ಕಲಿತಿದ್ದನು (ಶಿಕ್ಷಿತ ವಾಸ್ತುಶಿಲ್ಪಿಯೊಬ್ಬ ಹಳ್ಳಿಯ ಮುದುಕನಿಗೆ ಶಿಷ್ಯನಾದ ಈ ಪ್ರಸಂಗ, ಚಳವಳಿಯ ಯಾವ ಘೋಷಣೆಗಿಂತಲೂ ಹೆಚ್ಚು ಮಾತನಾಡುತ್ತದೆ). ಆದರೆ ಅವನ ಹೆಸರಿನ ಕಪಾಟುಗಳನ್ನು ಮಾಡಿದವರು ಬೇರೆಯವರು. ಡೇನ್‌ವೇ ಹೌಸ್‌ನಲ್ಲಿದ್ದ ಅವನ ಕಾರ್ಯಾಗಾರವನ್ನು ಡಚ್ ಬಡಗಿ ಪೀಟರ್ ವಾಲ್ಸ್ ಮೇಲ್ವಿಚಾರಕನಾಗಿ ನಡೆಸುತ್ತಿದ್ದನು. ಹ್ಯಾರಿ ಡೇವಲ್, ಅರ್ನೆಸ್ಟ್ ಸ್ಮಿತ್ ಮೊದಲಾದವರು ಅಲ್ಲಿ ದುಡಿದರು.

ಈ ಪಂಥದ ವೈಶಿಷ್ಟ್ಯವೇ ಜೋಡಣೆಯನ್ನು ಮುಚ್ಚಿಡದಿರುವುದು. ಹಲಗೆಯ ತುದಿಗಳನ್ನು ಹಲ್ಲುಗಳಂತೆ ಕೊರೆದು ಒಂದಕ್ಕೊಂದು ಸಿಗಿಸಿದ ಗುರುತು ಮೂಲೆಯಲ್ಲಿ ಎದ್ದು ಕಾಣುತ್ತದೆ. ಮೇಜಿನ ಕಾಲುಗಳನ್ನು ಬಂಧಿಸುವ ಅಡ್ಡಪಟ್ಟಿಯ ಆಕಾರ ಹುಲ್ಲು ಒಟ್ಟುವ ಹಲ್ಲುಕುಂಟೆಯಿಂದ ಬಂದದ್ದು. ಇಂತಹ ಕೃತಿಯಲ್ಲಿ ಉಳಿಯ ಕೆಲಸವೇ ಅಲಂಕಾರವಾದ್ದರಿಂದ ನಕ್ಷೆಯೊಂದನ್ನೇ ಕರ್ತೃತ್ವದ ಆಧಾರವಾಗಿ ಹಿಡಿಯುವುದು ಸಮರ್ಪಕವಲ್ಲ. ಗಿಮ್ಸನ್‌ನ ನಕ್ಷೆಗಳು ಚೆಲ್ಟನ್‌ಹ್ಯಾಮ್ ವಸ್ತುಸಂಗ್ರಹಾಲಯದಲ್ಲಿ ಹೇರಳವಾಗಿ ಉಳಿದಿರುವುದರಿಂದ ಅವನ ಪಾಲು ದಾಖಲೆಗೆ ಸಿಗುತ್ತದೆ. ಬಡಗಿಗಳ ಪಾಲನ್ನು ಮರದಲ್ಲಿಯೇ ಓದಬೇಕಾಗುತ್ತದೆ.

1919ರಲ್ಲಿ ಗಿಮ್ಸನ್ ತೀರಿಕೊಂಡನು. ಮರುವರ್ಷ ವಾಲ್ಸ್ ಸಮೀಪದ ಚಾಲ್‌ಫರ್ಡ್‌ನಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದಾಗ ಡೇನ್‌ವೇಯ ಹಲವು ಬಡಗಿಗಳು ಅವನೊಂದಿಗೆ ಹೋದರು. ಹೀಗೆ ಒಂದೇ ಕೈಗಳಿಂದ ಹೊಮ್ಮಿದ ಕಪಾಟುಗಳಲ್ಲಿ ಮೊದಲಿನವು ಗಿಮ್ಸನ್‌ನ ಹೆಸರಿಗೂ ಅನಂತರದವು ವಾಲ್ಸ್‌ನ ಹೆಸರಿಗೂ ಸೇರಿವೆ.