ಲಾಲ್‌ಬಾಗ್ ತೋಟ ಮತ್ತು ನಾವು ರೈತರು

ಬೆಂಗಳೂರಿಗೆ ಹೋದ ನಮ್ಮೂರವರು ಲಾಲ್‌ಬಾಗ್ ನೋಡದೆ ಬರೋದು ಕಮ್ಮಿ. ಬಂಡೆ ಹತ್ತಿ, ಕೆರೆ ಸುತ್ತಿ, ಹೂವು ನೋಡಿ ವಾಪಸಾಗುತ್ತೇವೆ. ಆ ತೋಟಕ್ಕೂ ನಮ್ಮ ಹೊಲಕ್ಕೂ ಇರುವ ನಂಟನ್ನು ಮಾತ್ರ ಮರೆತುಬಿಡುತ್ತೇವೆ.

1760ರಲ್ಲಿ ಹೈದರಾಲಿ ಸುಮಾರು 40 ಎಕರೆಯಲ್ಲಿ ಇದನ್ನು ಶುರುಮಾಡಿದರು. ಟಿಪ್ಪು ಸುಲ್ತಾನರು ಹೊರದೇಶಗಳಿಂದ ಗಿಡ ತರಿಸಿ ಬೆಳೆಸಿದರು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಈಗ 240 ಎಕರೆ ಇದೆ. ಜನವರಿ, ಆಗಸ್ಟ್‌ಗಳಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ, ಸಸಿಗಳೂ ಅಲ್ಲಿ ಮಾರಾಟಕ್ಕೆ ಸಿಗುತ್ತವೆ. ನಾವು ಸಾರಿಗೆ ಹಾಕುವ ಸೀಮೆಬದನೆಯನ್ನು ಬೆಂಗಳೂರಿಗೆ ತಂದವರು ಇದೇ ತೋಟ ನೋಡಿಕೊಂಡಿದ್ದ ಜಾನ್ ಕ್ಯಾಮರಾನ್.

ತೋಟಗಾರಿಕೆ ಇಲಾಖೆಯ ಡಾ. ಎಂ. ಎಚ್. ಮರೀಗೌಡರು ಮುಂದೆ ನಿಂತು 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಕಟ್ಟಿಸಿದರು. ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು. ಮುಖ್ಯ ಕಚೇರಿ ಲಾಲ್‌ಬಾಗ್‌ನಲ್ಲೇ ಇದೆ. ಅಂದರೆ ತೋಟ ಬರೀ ಅಡ್ಡಾಡೋ ಜಾಗವಲ್ಲ, ರೈತನಿಗೆ ಬೆಳೆಯನ್ನೂ ಸಂಘವನ್ನೂ ಕೊಟ್ಟ ಜಾಗ.

ನಮ್ಮ ಸಂಘದ ಕಟ್ಟಡದ ಹಿಂದೆಯೂ ಖಾಲಿ ಜಾಗವಿದೆ. ಮಳಿಗೆ ಕಟ್ಟಿ ಬಾಡಿಗೆಗೆ ಕೊಡೋಣ ಅನ್ನುವವರಿದ್ದಾರೆ. ಬಾಡಿಗೆ ಬೇಡ ಅಂತ ನಾವು ಹೇಳೋದಿಲ್ಲ. ಆದರೆ ಅರ್ಧ ಜಾಗದಲ್ಲಾದರೂ ನಾಲ್ಕು ನೆರಳಿನ ಮರ, ಒಂದು ಸಸಿಮಡಿ, ಹಿರಿಯರಿಗೆ ಕಲ್ಲುಬೆಂಚು ಇರಲಿ. ಸದಸ್ಯ ಬಾಂಧವರು ಮಹಾಸಭೆಯಲ್ಲಿ ಯೋಚಿಸಿ ತೀರ್ಮಾನಿಸಬೇಕಾಗಿ ವಿನಂತಿ.